ಮೇಳದಲ್ಲಿ ಕೇಳಿದ ದನಿ ಮನೆಯಲ್ಲೂ ಕೇಳೀತೇ?

ಕೆಲಸ ಆಡಿಯೊ ಕಂಪನಿಯಲ್ಲಿ, ವಾಸ ವಡಾಲದಲ್ಲಿ. ಮುಂಬೈನಲ್ಲಿ ಪ್ರದರ್ಶನ ನಡೆದಾಗಲೆಲ್ಲ ನಮ್ಮ ಮಳಿಗೆಯ ಹೊಣೆ ನನ್ನದು. ಗೋರೇಗಾಂವ್‌ನ ಬಾಂಬೆ ಎಕ್ಸಿಬಿಷನ್ ಸೆಂಟರ್‌ನಲ್ಲಿ ನಡೆಯುತ್ತ ಬಂದಿರುವ ಪಾಮ್ ಎಕ್ಸ್‌ಪೋ, ಸ್ಟುಡಿಯೊ ಮತ್ತು ಸಭಾಂಗಣಗಳ ಧ್ವನಿ ಉಪಕರಣಗಳ ದೊಡ್ಡ ಮೇಳ. ವಡಾಲದಿಂದ ಹಾರ್ಬರ್ ಲೈನ್ ಲೋಕಲ್ ಹತ್ತಿದರೆ ನೇರ ಗೋರೇಗಾಂವ್. ಮನೆಬಳಕೆಯ ಹೈಫೈ ಪ್ರದರ್ಶನಗಳು ಸಾಮಾನ್ಯವಾಗಿ ಹೋಟೆಲ್ ಕೋಣೆಗಳಲ್ಲಿ ನಡೆಯುತ್ತವೆ.

ಎಲ್ಲೇ ಇರಲಿ, ಪಕ್ಕದ ಮಳಿಗೆಯ ಅಬ್ಬರದ ನಡುವೆ ನಮ್ಮದು ಕೇಳಿಸಬೇಕು. ವಾಲ್ಯೂಮ್ ಏರಿಸಿದರೆ ಜನ ನಿಲ್ಲುತ್ತಾರೆ, ಇಳಿಸಿದರೆ ಮುಂದೆ ಹೋಗುತ್ತಾರೆ. ಒಂದೆರಡು ಡೆಸಿಬಲ್ ಜೋರಾದರೂ ಕಿವಿಗೆ ಅದೇ ಚೆಂದ ಅನ್ನಿಸುತ್ತದೆ. ಹಾಗಾಗಿ ಎರಡು ಸ್ಪೀಕರ್ ಹೋಲಿಸುವಾಗ ಮೀಟರ್ ಇಟ್ಟು, ಮಟ್ಟ ಒಂದೇ ಮಾಡಿ ಕೇಳಿಸುತ್ತೇನೆ. ಆಗ ಕೆಲವೊಮ್ಮೆ ನಮ್ಮ ದುಬಾರಿ ಮಾದರಿಯೇ ಸೋಲುತ್ತದೆ. ಟಾರ್ಗೆಟ್ ಹೊತ್ತವನಿಗೆ ಅದು ಸಣ್ಣ ಮಾತಲ್ಲ.

ಆದರೆ ಕೊಳ್ಳಲು ಬರುವವರಲ್ಲಿ ನನ್ನಂಥ ಬಾಡಿಗೆ ಮನೆಯವರೂ ಇರುತ್ತಾರೆ. 12 ಅಡಿ ಉದ್ದದ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ ಸುಮಾರು 47 ಹರ್ಟ್ಸ್‌ನ ಮಂದ್ರ ದನಿ ತಾನಾಗಿಯೇ ಉಬ್ಬುತ್ತದೆ. ಮೇಳದಲ್ಲಿ ಮೆರೆದ ದೊಡ್ಡ ಸ್ಪೀಕರ್ ಅಲ್ಲಿ ಗುಂಯ್‌ಗುಡುತ್ತದೆ. ಕೆಳಮನೆಯವರು ಬಂದು ಬಾಗಿಲು ತಟ್ಟುತ್ತಾರೆ.

ಪ್ರದರ್ಶನಕ್ಕೆ ಹೋಗುವುದಾದರೆ ನಿಮಗೆ ಚೆನ್ನಾಗಿ ಗೊತ್ತಿರುವ ಹಾಡನ್ನೇ ಒಯ್ಯಿರಿ. ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಿಕೆ ಇದ್ದರೆ ಇನ್ನೂ ಒಳ್ಳೆಯದು. ವಾಲ್ಯೂಮ್ ಇಳಿಸಲು ಹೇಳಿ. ಆಗಲೂ ಕಂಠದ ಹಿಂದೆ ತಂಬೂರಿ ಸ್ಪಷ್ಟವಾಗಿ ಉಳಿದರೆ ಬೆಲೆ ವಿಚಾರಿಸಿ. ನಿಮ್ಮ ಕೋಣೆಯ ಅಳತೆಯನ್ನೂ ಬರೆದುಕೊಂಡು ಹೋಗಿ. ಅದನ್ನು ಕೇಳದ ಮಳಿಗೆಯಲ್ಲಿ ಅಡ್ವಾನ್ಸ್ ಕೊಡಬೇಡಿ.