ಹವಳದ ತೊಟ್ಟಿಗೆ ಸಿದ್ಧ ಸಂಪ್: ಕೊಳ್ಳುವ ಮುನ್ನ ಅಳತೆ ನೋಡಿ

ಸಂಪ್ ಎಂದರೆ ನಮ್ಮ ಓದುಗರಿಗೆ ಹೊಸ ಮಾತಲ್ಲ. ನಲ್ಲಿಯಲ್ಲಿ ನೀರು ಬಂದಾಗ ತುಂಬಿಸಿಟ್ಟುಕೊಂಡು, ಬೇಕಾದಾಗ ಮೋಟಾರು ಹಾಕಿ ಮಾಳಿಗೆಯ ಟ್ಯಾಂಕಿಗೆ ಏರಿಸುವ ನೆಲದ ತೊಟ್ಟಿ ಅದು. ಅದೇ ಹೆಸರಿನ ಇನ್ನೊಂದು ತೊಟ್ಟಿ ಈಗ ಪೇಟೆಯ ಕೆಲವು ಮನೆಗಳ ಹಜಾರ ಸೇರಿದೆ. ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಜೀವಂತ ಹವಳವನ್ನೂ ಸಮುದ್ರದ ಬಣ್ಣದ ಮೀನುಗಳನ್ನೂ ಸಾಕುವವರು, ಅದರ ಕೆಳಗಿನ ಕಪಾಟಿನಲ್ಲಿ ಇಡುವ ಎರಡನೆಯ ತೊಟ್ಟಿಯನ್ನೂ ಸಂಪ್ ಎಂದೇ ಕರೆಯುತ್ತಾರೆ.

ಇದು ಹೊಟ್ಟೆ ಹೊರೆಯುವ ಕಸುಬಲ್ಲ, ದುಬಾರಿ ಹವ್ಯಾಸ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೂ ನಮ್ಮ ಹಳ್ಳಿಗಳಿಂದ ಪೇಟೆಗೆ ಹೋದ ಮಕ್ಕಳಲ್ಲಿ ಈ ಹವ್ಯಾಸ ಹಿಡಿದವರುಂಟು. ಅಂಥ ತೊಟ್ಟಿಗಳನ್ನು ಕೂಡಿಸಿಕೊಟ್ಟು ನೋಡಿಕೊಳ್ಳುವ ಕೆಲಸಕ್ಕೆ ಇಳಿದ ಯುವಕರೂ ಉಂಟು. ನೀರು, ಪಂಪು, ಪಾಚಿ, ಕರೆಂಟು ಈ ನಾಲ್ಕರ ಸ್ವಭಾವ ಬಲ್ಲ ರೈತನಿಗೆ ಇದರಲ್ಲಿ ತಿಳಿಯದಂಥದ್ದು ಹೆಚ್ಚೇನೂ ಇಲ್ಲ. ಅಂಗಡಿಯಲ್ಲಿ ಸಿದ್ಧ ಸಂಪುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ನೀಲಿ ಅಕ್ರಿಲಿಕ್ಕಿನ ಅಂಚು, ನಾಲ್ಕೈದು ಕೋಣೆ, ಹಲವು ಬಗೆಯ ತೂತುಗಳನ್ನು ತೋರಿಸಿ ಬೆಲೆ ಹೇಳುತ್ತಾರೆ. ಆದರೆ ಕೊಳ್ಳುವವನು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕರೆಂಟು ಹೋದಾಗ ಮೇಲಿನಿಂದ ಇಳಿದು ಬರುವ ನೀರು ಇದರಲ್ಲಿ ಹಿಡಿಯುತ್ತದೆಯೇ?

ಇದರ ಕೆಲಸ ನೋಡೋಣ. ಮೇಲಿನ ತೊಟ್ಟಿಯ ಒಂದು ಮೂಲೆಯಲ್ಲಿ ಹಲ್ಲುಹಲ್ಲಾದ ಬಾಯಿಯ ಪೆಟ್ಟಿಗೆ ಇರುತ್ತದೆ. ಹೆಚ್ಚಾದ ನೀರು, ಕೆರೆಯ ಕೋಡಿಯಲ್ಲಿ ಹರಿಯುವಂತೆ, ಅದರ ಮೂಲಕ ಕೊಳವೆಗೆ ಬಿದ್ದು ಸಂಪಿಗೆ ಇಳಿಯುತ್ತದೆ. ಮೊದಲು ಬಟ್ಟೆಯ ಚೀಲವೊಂದು ಕಸವನ್ನು ಹಿಡಿಯುತ್ತದೆ. ಮುಂದಿನ ಕೋಣೆಯಲ್ಲಿ ಸ್ಕಿಮ್ಮರ್ ಎಂಬ ನೊರೆಯಂತ್ರ. ಆಲೆಮನೆಯಲ್ಲಿ ಕೊಪ್ಪರಿಗೆಯ ಹಾಲು ಕುದಿಯುವಾಗ ಕಲ್ಮಷ ನೊರೆಯಾಗಿ ಮೇಲೆ ಬರುವುದನ್ನು, ಅದನ್ನು ಜಾಲರಿಯಿಂದ ತೆಗೆಯುವುದನ್ನು ಎಲ್ಲರೂ ಕಂಡಿದ್ದೇವೆ. ಇಲ್ಲಿ ಬೆಂಕಿಯಿಲ್ಲ, ಸಣ್ಣ ಗಾಳಿಗುಳ್ಳೆಗಳು ಉಪ್ಪುನೀರಿನಲ್ಲಿ ಏರುವಾಗ ಮೀನಿನ ಹೊಲಸು ಅವುಗಳಿಗೆ ಅಂಟಿಕೊಂಡು ನೊರೆಯಾಗಿ ಮೇಲಿನ ಬಟ್ಟಲಿಗೆ ಬೀಳುತ್ತದೆ. ಆಮೇಲೆ ನೀರು ಮೂರು ಅಡ್ಡಗೋಡೆಗಳ ಮೇಲೆ, ಕೆಳಗೆ, ಮತ್ತೆ ಮೇಲೆ ಹಾದು ಗುಳ್ಳೆಗಳನ್ನು ಕಳೆದುಕೊಂಡು ಕೊನೆಯ ಕೋಣೆ ಸೇರುತ್ತದೆ. ಅಲ್ಲಿರುವ ಪಂಪು ಅದನ್ನು ಮತ್ತೆ ಮೇಲಕ್ಕೆ ಏರಿಸುತ್ತದೆ. ಹಗಲಿರುಳು ಇದೇ ಸುತ್ತು.

ಕೆಲವು ಸಂಪುಗಳಲ್ಲಿ ಪ್ಲಾಸ್ಟಿಕ್ ಮುಳ್ಳುಚೆಂಡುಗಳನ್ನು ತುಂಬಿದ ಗೋಪುರವೊಂದನ್ನು ಸೇರಿಸಿ ಮಾರುತ್ತಾರೆ. ಅದಕ್ಕೊಂದು ಹಿನ್ನೆಲೆ ಇದೆ. 1961ರಲ್ಲಿ ಇಂಡೋನೇಷಿಯಾದ ಲೀ ಚಿನ್ ಎಂಗ್ ಎಂಬುವರು ಸಮುದ್ರದ ಜೀವಂತ ಕಲ್ಲು ಮತ್ತು ಗಾಳಿಗುಳ್ಳೆಗಳಿಂದಲೇ ತೊಟ್ಟಿ ನಡೆಸುವ ಬಗೆಯನ್ನು ಬರೆದು ತಿಳಿಸಿದರು. 1986ರಲ್ಲಿ ಜಾರ್ಜ್ ಸ್ಮಿಟ್ ಎಂಬುವರು ಹಾಲೆಂಡಿನ ಪದ್ಧತಿಯನ್ನು ಅಮೆರಿಕದ ಪತ್ರಿಕೆಯೊಂದರಲ್ಲಿ ವಿವರಿಸಿದ ಮೇಲೆ, ನೀರನ್ನು ತೊಟ್ಟಿಕ್ಕಿಸುವ ಆ ಗೋಪುರಗಳಿಗೆ ಅಲ್ಲಿ ದೊಡ್ಡ ಬೇಡಿಕೆ ಬಂತು. ಅವು ಅಮೋನಿಯವನ್ನು ನೈಟ್ರೇಟ್ ಮಾಡುವ ಕೆಲಸದಲ್ಲಿ ಚುರುಕು, ಆದರೆ ಆ ನೈಟ್ರೇಟು ನೀರಿನಲ್ಲೇ ಉಳಿದು ಪಾಚಿಗೆ ಗೊಬ್ಬರವಾಗುತ್ತದೆ. ಅದೇ ಕಾಲದಲ್ಲಿ ಬರ್ಲಿನ್ನಿನ ಸಾಕಣೆಗಾರರು ರಂಧ್ರಗಳುಳ್ಳ ಕಲ್ಲು ಮತ್ತು ನೊರೆಯಂತ್ರ ಎರಡನ್ನೇ ನಂಬಿ ಗೆದ್ದರು. ಇಂದಿನ ಹವಳದ ತೊಟ್ಟಿಗಳು ಬಹುಮಟ್ಟಿಗೆ ಆ ದಾರಿಯವು. ಆದುದರಿಂದ ಮುಳ್ಳುಚೆಂಡಿನ ಗೋಪುರಕ್ಕೆ ಹೆಚ್ಚಿನ ಹಣ ತೆರುವ ಅಗತ್ಯ ಕಾಣದು.

ಕರೆಂಟು ಹೋದಾಗ

ಪಂಪು ನಿಂತ ಕೂಡಲೇ ಎರಡು ಕಡೆಯಿಂದ ನೀರು ಕೆಳಗಿಳಿಯುತ್ತದೆ. ಕೋಡಿಯ ಹಲ್ಲಿಗಿಂತ ಮೇಲಿದ್ದ ನೀರು ಕೊಳವೆಯಲ್ಲಿ ಬರುತ್ತದೆ. ಇದು ಎಲ್ಲರಿಗೂ ತಿಳಿದದ್ದು. ಇನ್ನೊಂದು ಕಡೆ, ನೀರನ್ನು ಮೇಲಕ್ಕೆ ಒಯ್ಯುತ್ತಿದ್ದ ಪೈಪೇ ತಿರುಗಿ ಕೆಳಕ್ಕೆ ಎಳೆಯತೊಡಗುತ್ತದೆ. ಡೀಸೆಲ್ ಡ್ರಮ್ಮಿಗೆ ಪೈಪು ಇಳಿಬಿಟ್ಟು ಒಮ್ಮೆ ಎಳೆದರೆ ಸಾಕು, ಪೈಪಿನ ಬಾಯಿ ಗಾಳಿಗೆ ತೆರೆದುಕೊಳ್ಳುವವರೆಗೂ ಎಣ್ಣೆ ಸುರಿಯುತ್ತಲೇ ಇರುತ್ತದಲ್ಲವೇ? ಇದೂ ಹಾಗೆಯೇ.

ಲೆಕ್ಕ ಹಾಕಿ ನೋಡೋಣ. ಮೇಲಿನ ತೊಟ್ಟಿ 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರ ಇದೆ ಎನ್ನಿ. ಅದರಲ್ಲಿ ನೀರು 1 ಸೆಂ.ಮೀ. ಇಳಿದರೆ 5.4 ಲೀಟರ್. ಪಂಪಿನ ಪೈಪಿನ ಬಾಯಿ ನೀರಿನ ಮಟ್ಟದಿಂದ 2 ಸೆಂ.ಮೀ. ಕೆಳಗಿದ್ದರೆ ಸುಮಾರು 11 ಲೀಟರ್ ಇಳಿಯುತ್ತದೆ. ಅದೇ ಬಾಯಿ 8 ಸೆಂ.ಮೀ. ಕೆಳಗಿದ್ದರೆ 43 ಲೀಟರ್. ಕೋಡಿಯ ಪೆಟ್ಟಿಗೆ ಮತ್ತು ಕೊಳವೆಗಳಲ್ಲಿರುವ ನೀರಿಗೆ 5 ಲೀಟರ್ ಸೇರಿಸಿದರೆ 48 ಆಯಿತು.

ಈಗ ಕೆಳಗಿನ ಲೆಕ್ಕ. 90 ಸೆಂ.ಮೀ. ಉದ್ದ, 40 ಅಗಲ, 40 ಎತ್ತರದ ಸಂಪಿನಲ್ಲಿ ಓಡುವ ನೀರಿನ ಮಟ್ಟ ಸರಾಸರಿ 24 ಸೆಂ.ಮೀ. ಇದ್ದರೆ, ಮೇಲೆ 16 ಸೆಂ.ಮೀ. ಖಾಲಿ. ಅದರಲ್ಲಿ 57 ಲೀಟರ್ ಹಿಡಿಯುತ್ತದೆ. 48 ಲೀಟರ್ ಬಂದರೂ ಎರಡೂವರೆ ಸೆಂ.ಮೀ.ನಷ್ಟು ಅಂಚು ಉಳಿಯುತ್ತದೆ. ಬೆಲೆ ಕಡಿಮೆಯೆಂದು 75 ಉದ್ದ, 30 ಅಗಲ, 35 ಎತ್ತರದ ಸಂಪನ್ನು ತಂದರೆ, ಅದೇ 24 ಸೆಂ.ಮೀ. ಮಟ್ಟದ ಮೇಲೆ ಹಿಡಿಯುವುದು 25 ಲೀಟರಿಗೂ ಕಡಿಮೆ. ಉಳಿದ 23 ಲೀಟರ್ ಉಪ್ಪುನೀರು ಮನೆಯ ನೆಲಕ್ಕೆ ಹರಿಯುತ್ತದೆ. ಕಪಾಟಿನ ಮರ ಹಾಳಾಗುವುದು ಹಾಗಿರಲಿ. ಪ್ಲಗ್ಗು, ವೈರುಗಳು ಇರುವುದೂ ಆ ಕಪಾಟಿನಲ್ಲೇ. ರಾತ್ರಿ ಎಲ್ಲರೂ ಮಲಗಿರುವಾಗ ಕರೆಂಟು ಹೋಗಿ ಬಂದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಕರೆಂಟು ವರ್ಷಕ್ಕೊಮ್ಮೆ ಹೋಗುವಂಥದ್ದಲ್ಲ.

ಸಂಪಿನ ಒಟ್ಟು ಅಳತೆ ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತದೆ. ಅದನ್ನು ನಂಬಿ ಕೊಳ್ಳಬಾರದು. ಓಡುವ ಮಟ್ಟದ ಮೇಲೆ ಖಾಲಿ ಜಾಗ ಎಷ್ಟು ಎಂಬುದೇ ಮುಖ್ಯ. ಈ ಮಟ್ಟವನ್ನು ಗೊತ್ತುಮಾಡುವುದು ಅಡ್ಡಗೋಡೆಗಳ ಎತ್ತರ. ಅಂಗಡಿಯಲ್ಲೇ ಟೇಪು ಹಿಡಿದು ಅಡ್ಡಗೋಡೆಯ ತುದಿಯಿಂದ ಸಂಪಿನ ಅಂಚಿನವರೆಗೆ ಅಳೆದು ನೋಡಬೇಕು.

ಪೈಪಿನಲ್ಲಿ ನೀರು ತಿರುಗಿ ಬಾರದಂತೆ ಕವಾಟ ಹಾಕಿದರಾಯಿತು ಎಂದು ಅಂಗಡಿಯವರು ಹೇಳುವುದುಂಟು. ಬಾವಿಯ ಪಂಪಿನ ಫುಟ್‌ವಾಲ್ವಿನಲ್ಲಿ ಒಂದು ಕಡ್ಡಿ ಸಿಕ್ಕಿಕೊಂಡರೆ ಏನಾಗುತ್ತದೆಂದು ಬಲ್ಲವರು ಈ ಮಾತಿಗೆ ಮರುಳಾಗಲಾರರು. ಹವಳದ ತೊಟ್ಟಿಯಲ್ಲಿ ಸುಣ್ಣದ ಪದರ ಕಟ್ಟುತ್ತದೆ, ಪುಟ್ಟ ಬಸವನಹುಳುಗಳು ತೂರಿಕೊಳ್ಳುತ್ತವೆ. ಪೈಪಿನ ಬಾಯಿಯನ್ನೇ ಮೇಲ್ಮಟ್ಟದ ಹತ್ತಿರ ಇರಿಸುವುದು, ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಪೈಪಿಗೊಂದು ಸಣ್ಣ ತೂತು ಕೊರೆಯುವುದು ಇವೇ ಹೆಚ್ಚು ಭರವಸೆಯ ಉಪಾಯ. ನೀರು ತೂತಿನವರೆಗೆ ಇಳಿದ ಕೂಡಲೇ ಗಾಳಿ ನುಗ್ಗಿ ಎಳೆತ ಕಡಿದುಹೋಗುತ್ತದೆ. ಆದರೆ ಆ ತೂತಿಗೂ ಪಾಚಿ ಕಟ್ಟುತ್ತದೆ. ವಾರಕ್ಕೊಮ್ಮೆ ಕಡ್ಡಿಯಿಂದ ಚುಚ್ಚಿ ಶುಚಿ ಮಾಡಬೇಕು. ಇಷ್ಟಾದರೂ ತೂತು ಮುಚ್ಚಿಕೊಂಡಿದೆ ಎಂದೇ ಎಣಿಸಿ ಸಂಪಿನ ಅಳತೆ ಗೊತ್ತುಮಾಡುವುದು ಕ್ಷೇಮ.

ಇದರ ತಿರುಗುಮುರುಗೂ ಆಗಬಹುದು. ಇಳಿಯುವ ಕೊಳವೆಗೆ ಪಾಚಿಯೋ ಸತ್ತ ಮೀನೋ ಅಡ್ಡ ಬಂದು ಕಟ್ಟಿಕೊಂಡರೆ ಪಂಪು ತನ್ನ ಕೋಣೆಯ ನೀರನ್ನೆಲ್ಲ ಮೇಲಕ್ಕೆ ಏರಿಸಿಬಿಡುತ್ತದೆ. ಆಗ ತುಂಬಿ ಚೆಲ್ಲುವುದು ಮೇಲಿನ ತೊಟ್ಟಿ. ಆದುದರಿಂದ ಕೊನೆಯ ಕೋಣೆ ತೀರಾ ದೊಡ್ಡದಾಗಿರಬಾರದು, ಮೇಲಿನ ತೊಟ್ಟಿಗೆ ಎರಡನೆಯ ಇಳಿಕೊಳವೆಯೂ ಇರಬೇಕು.

ಆರುವ ನೀರು

ಹಾಗೆಂದು ಆ ಕೋಣೆ ತೀರಾ ಚಿಕ್ಕದಾದರೂ ತೊಂದರೆ. ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಮೇಲಿನ ತೊಟ್ಟಿಯ ಮಟ್ಟ ಕೋಡಿಯಿಂದ, ನಡುವಿನ ಕೋಣೆಗಳ ಮಟ್ಟ ಅಡ್ಡಗೋಡೆಯಿಂದ ಗೊತ್ತಾಗಿರುವುದರಿಂದ, ಆರಿದ ನೀರಿನ ಕೊರತೆಯೆಲ್ಲ ಕಾಣುವುದು ಪಂಪಿನ ಕೋಣೆಯಲ್ಲೇ. ಆ ಕೋಣೆ 20 ಸೆಂ.ಮೀ. ಉದ್ದ, 40 ಅಗಲ ಇದ್ದರೆ 1 ಸೆಂ.ಮೀ.ಗೆ ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು. ಪಂಪು ಗಾಳಿ ಎಳೆಯುವ ಮೊದಲು 10 ಸೆಂ.ಮೀ. ಇಳಿಯಲು ಅವಕಾಶವಿದೆ ಎಂದರೆ 8 ಲೀಟರ್. ದಿನಕ್ಕೆ 4 ಲೀಟರ್ ಆರುವ ತೊಟ್ಟಿಯಾದರೆ ಎರಡೇ ದಿನ. ಊರಿನ ಜಾತ್ರೆಗೆಂದು ಮೂರು ದಿನ ಬಂದು ಹೋಗುವಷ್ಟರಲ್ಲಿ ಪಂಪು ಒಣಗಿ ಸುಟ್ಟಿರುತ್ತದೆ.

ಹೀಗಾಗಿ ಸಿದ್ಧ ಸಂಪುಗಳಲ್ಲಿ ಸಿಹಿನೀರಿಗೆ ಒಂದು ಪ್ರತ್ಯೇಕ ಕೋಣೆ ಇರುವಂಥದ್ದು ಮೇಲು. ಅದರಿಂದ ಚೆಂಡಿನ ಕವಾಟವೋ ಸಣ್ಣ ಪಂಪೋ ಕೊರತೆಯನ್ನು ತಾನೇ ತುಂಬುತ್ತದೆ. ಹಾಕುವುದು ಉಪ್ಪುನೀರಲ್ಲ, ಸಿಹಿನೀರು, ಅದೂ ಆರ್.ಓ. ಯಂತ್ರದಲ್ಲಿ ಸೋಸಿದ್ದು. ಕೊಳವೆಬಾವಿಯ ಗಡಸುನೀರನ್ನು ದಿನವೂ ಸುರಿದರೆ ಅದರಲ್ಲಿರುವುದೆಲ್ಲ ತೊಟ್ಟಿಯಲ್ಲಿ ಕೂಡುತ್ತ ಹೋಗುತ್ತದೆ. ಸಮುದ್ರದ ನೀರಿನಲ್ಲಿ ಕಿಲೋಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಹವಳಕ್ಕೆ ಆ ಅಳತೆ ಏರಿಳಿಯದೆ ನಿಲ್ಲಬೇಕು. ಬೇಸಿಗೆಯಲ್ಲಿ ಇದು ಇನ್ನೂ ಕಷ್ಟ. ನೀರು 24ರಿಂದ 27 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇರಬೇಕೆಂದು ಸಂಪಿನ ಮೇಲೆ ಫ್ಯಾನು ತಿರುಗಿಸಿದರೆ, ಮಣ್ಣಿನ ಹೂಜಿಯ ನ್ಯಾಯದಂತೆ ನೀರು ತಣಿಯುತ್ತದೆ, ಆದರೆ ಆರುವುದೂ ಹೆಚ್ಚುತ್ತದೆ.

ಕಪಾಟಿನ ಬಾಗಿಲು

ಕಪಾಟಿನ ಒಳಗಿನ ಉದ್ದವನ್ನು ಅಳೆದು ಸಂಪು ತಂದು, ಬಾಗಿಲಿನಲ್ಲಿ ನುಗ್ಗದೆ ಹಿಂದಿರುಗಿಸಿದವರಿದ್ದಾರೆ. ಬಾಗಿಲಿನ ಅಗಲ, ನಡುಗಂಬ ಇದ್ದರೆ ಅದರ ಎಡೆ ಇವನ್ನು ಮೊದಲು ನೋಡಬೇಕು. ಎತ್ತರದಲ್ಲಿ ಇನ್ನೊಂದು ಮೋಸವಿದೆ. ನೊರೆಯಂತ್ರದ ಎತ್ತರವಷ್ಟೇ ಸಾಲದು. ಅದರ ಬಟ್ಟಲನ್ನು ಮೇಲಕ್ಕೆ ಎತ್ತಿ ತೆಗೆಯಲು ಜಾಗ ಬೇಕು. ಆ ಬಟ್ಟಲನ್ನು ವಾರದಲ್ಲಿ ಎರಡು ಮೂರು ಸಲ ತೊಳೆಯಬೇಕಾಗುತ್ತದೆ. ತೆಗೆಯಲು ಕಷ್ಟವಾದದ್ದನ್ನು ಯಾರೂ ತೊಳೆಯುವುದಿಲ್ಲ. ಕಸದ ಚೀಲದ ಮಾತೂ ಇದೇ. ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸದಿದ್ದರೆ ಅದು ಕಟ್ಟಿಕೊಂಡು ಅಲ್ಲೇ ಕೊಳೆಯುತ್ತದೆ.

ನೊರೆಯಂತ್ರ ನಿಲ್ಲುವ ಕೋಣೆಯ ನೀರಿನ ಆಳವೂ ಅದಕ್ಕೆ ಒಗ್ಗಬೇಕು. ಯಂತ್ರ ಮಾಡಿದವರು 20 ಸೆಂ.ಮೀ. ಹೇಳಿದ್ದರೆ, ಅಡ್ಡಗೋಡೆ 28 ಸೆಂ.ಮೀ. ಇರುವ ಸಂಪಿನಲ್ಲಿ ಅದು ಬರಿ ನೀರನ್ನೇ ಬಟ್ಟಲಿಗೆ ಉಕ್ಕಿಸುತ್ತದೆ. ಆಳ ಹೆಚ್ಚಾದರೆ ಕೆಳಗೆ ಪೀಠ ಇಟ್ಟು ಸರಿಮಾಡಬಹುದು, ಕಡಿಮೆಯಾದರೆ ಉಪಾಯವಿಲ್ಲ. ಎತ್ತರ ಬದಲಿಸಬಲ್ಲ ಅಡ್ಡಗೋಡೆ ಇದ್ದರೆ ಅಂಥದಕ್ಕೆ ಸ್ವಲ್ಪ ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ. ಪಾಚಿ ಬೆಳೆಸುವ ಕೋಣೆ ಬೇಕೇ ಎಂಬುದು ಜಾಗವಿದ್ದವರ ಪ್ರಶ್ನೆ. ಪಾಚಿ ನೈಟ್ರೇಟು, ಫಾಸ್ಫೇಟುಗಳನ್ನು ತಿಂದು ಬೆಳೆಯುತ್ತದೆ, ಕಿತ್ತು ತೆಗೆದರೆ ಅವೂ ಹೊರಹೋದಂತೆ. ಜಾಗ ಕಡಿಮೆಯಿದ್ದಲ್ಲಿ ಆ ಕೋಣೆ ಬಿಟ್ಟು ಮೇಲಿನ ಖಾಲಿ ಜಾಗ ಉಳಿಸಿಕೊಳ್ಳುವುದೇ ಜಾಣತನ.

ಗಾಜಿನ ಸಂಪು ಅಗ್ಗ, ಗೀರು ಬೀಳದು, ಆದರೆ ಭಾರ. ಅಕ್ರಿಲಿಕ್ ಹಗುರ, ತೂತು ಕೊರೆಯಲು ಸುಲಭ, ಗೀರು ಬೇಗ ಬೀಳುತ್ತದೆ. ಗಾಜಿಗೆ ಹಚ್ಚುವ ಸಿಲಿಕೋನ್ ಅಕ್ರಿಲಿಕ್ಕಿಗೆ ಗಟ್ಟಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಅದರ ಸೋರಿಕೆಯನ್ನು ಮನೆಯಲ್ಲಿ ಸರಿಪಡಿಸುವುದು ಕಷ್ಟ.

ನಮ್ಮ ಕೈಗೆ ಒಗ್ಗಿದ ಒಂದು ಅಭ್ಯಾಸವನ್ನು ಮಾತ್ರ ಇಲ್ಲಿ ಬಿಡಬೇಕು. ಪಂಪಿಗೆ ಹಿತ್ತಾಳೆಯ ಗೇಟ್‌ವಾಲ್ವು, ತಾಮ್ರದ ಜೋಡಣೆ ಹಾಕುವುದು ತೋಟದಲ್ಲಿ ಸರಿ, ಹವಳದ ತೊಟ್ಟಿಯಲ್ಲಿ ಸಲ್ಲದು. ತಾಮ್ರ ಸ್ವಲ್ಪವೇ ಕರಗಿದರೂ ಹವಳ, ಸಿಗಡಿ, ಬಸವನಹುಳುಗಳಿಗೆ ವಿಷ. ಎಲ್ಲವೂ ಪಿ.ವಿ.ಸಿ. ಇರಲಿ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದು ಬಂದವರು ಆ ಕೈಯನ್ನು ತೊಟ್ಟಿಗೆ ಅದ್ದಬಾರದು, ಮೈಲುತುತ್ತ ಕಲಸಿದ ಬಕೆಟ್ಟನ್ನು ಉಪ್ಪುನೀರಿಗೆ ಬಳಸಲೂಬಾರದು.

ಪಂಪಿನ ಪೆಟ್ಟಿಗೆಯ ಮೇಲಿನ ಲೀಟರ್ ಲೆಕ್ಕ ಹೆಡ್ ಇಲ್ಲದಾಗಿನದು. ಐದಡಿ ಏರಿಸುವಾಗ ಎಷ್ಟು ಬರುತ್ತದೆಂದು ಕೇಳಿ ಕೊಳ್ಳಿರಿ. ಗಂಟೆಗೆ ತೊಟ್ಟಿಯ ನೀರಿನ ಮೂರರಿಂದ ಐದು ಪಟ್ಟು ಸಂಪಿನ ಮೂಲಕ ಹರಿದರೆ ಸಾಕು. ವೈರುಗಳು ಪ್ಲಗ್ಗಿಗಿಂತ ಕೆಳಗೆ ಬಾಗಿ ಬರುವಂತಿರಲಿ, ತೊಟ್ಟಿಕ್ಕಿದ ನೀರು ಅಲ್ಲೇ ಬೀಳುತ್ತದೆ. ನೀರಿರುವ ಈ ಜಾಗಕ್ಕೆ 30 ಮಿಲಿ ಆಂಪಿಯರಿನ ಇ.ಎಲ್.ಸಿ.ಬಿ. ಹಾಕಿಸದೆ ಕರೆಂಟು ಕೊಡಬಾರದು.

ಕರಾವಳಿಯ ಓದುಗರಿಗೆ ಬೇರೆಯಾಗಿ ಒಂದು ಮಾತು. ಮುರುಡೇಶ್ವರದ ಎದುರಿನ ನೇತ್ರಾಣಿಯ ಸುತ್ತ ಹವಳವಿದೆ. ಅದನ್ನು ಕಿತ್ತು ತರುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಕಲ್ಲುಹವಳಗಳನ್ನೆಲ್ಲ ಸೇರಿಸಲಾಗಿದೆ. ಆನೆ, ಹುಲಿಗಳಿಗಿರುವ ರಕ್ಷಣೆಯೇ ಅವಕ್ಕೂ. ಅಂಗಡಿಯಲ್ಲಿ ಕೊಳ್ಳುವವರು ಕಾಗದಪತ್ರ ಕೇಳಬೇಕು. ಕಾಗದವಿಲ್ಲದ ಹವಳಕ್ಕೆ ಎಂಥ ಸಂಪು ತಂದರೂ ಪ್ರಯೋಜನವಿಲ್ಲ.

ತಂದ ಸಂಪನ್ನು ಉಪ್ಪುನೀರಿಗೆ ಮುಂಚೆ ಸಾದಾ ನೀರಿನಲ್ಲಿ ಪರೀಕ್ಷಿಸಬೇಕು. ಹೊರಗೆ ಜಗಲಿಯ ಮೇಲೆ ಅಂಚಿನವರೆಗೆ ತುಂಬಿ ಒಂದು ದಿನ ಬಿಡಿ, ಜೋಡಣೆಯಲ್ಲಿ ತೇವ ಕಾಣುತ್ತದೆಯೇ ನೋಡಿ. ಬಳಿಕ ಕಪಾಟಿನಲ್ಲಿ ಕೂಡಿಸಿ, ಪಂಪು ಓಡಿಸಿ, ಮಟ್ಟ ನಿಂತ ಮೇಲೆ ಸ್ವಿಚ್ಚು ಆರಿಸಿ. ಗಾಳಿಯ ತೂತನ್ನು ಬೆರಳಿನಿಂದ ಮುಚ್ಚಿಕೊಂಡೇ ಕಾಯಿರಿ, ನೀರು ಇಳಿಯುವುದು ನಿಲ್ಲುವವರೆಗೆ. ಸಂಪು ಚೆಲ್ಲುವಂತೆ ಕಂಡರೆ ಬೆರಳು ತೆಗೆಯಿರಿ, ಪಂಪಿನ ಕೋಣೆಯಿಂದ ಒಂದಿಷ್ಟು ನೀರು ತೆಗೆದು ಮತ್ತೆ ನೋಡಿರಿ. ಮೂರು ಸಲ ಹೀಗೆ ಮಾಡಿದ ಮೇಲೆ, ಪಂಪು ಓಡುವಾಗ ಆ ಕೋಣೆಯಲ್ಲಿ ಇರಬಹುದಾದ ಹೆಚ್ಚಿನ ಮಟ್ಟಕ್ಕೆ ಗಾಜಿನ ಹೊರಗೆ ಕೆಂಪು ಬಣ್ಣದ ಗೆರೆ ಎಳೆದಿಡಿ. ಮನೆಯಲ್ಲಿ ಯಾರೇ ನೀರು ಹಾಕಲಿ, ಆ ಗೆರೆ ದಾಟದಂತೆ ಹೇಳಿಡಿ.