ನಕ್ಷೆ ಬಿಟ್ಟಿ, ಅಚ್ಚಿಗೆ ದುಡ್ಡು!

ಮನೆ ಕಟ್ಟೋಕೆ ಮುಂಚೆ ನಕ್ಷೆ ಬೇಕು. ಬೆರಳುಗುರಿನಷ್ಟಿರುವ ಚಿಪ್‌ಗೂ ಅಷ್ಟೇ. ಆ ನಕ್ಷೆ ಬರೆಯುವ ತಂತ್ರಾಂಶದ ವ್ಯಾಪಾರ ಬಹುಪಾಲು ಸಿನಾಪ್ಸಿಸ್, ಕೇಡೆನ್ಸ್, ಸೀಮೆನ್ಸ್ ಎಂಬ ಮೂವರು ಸಾಹುಕಾರರ ಕೈಲಿದೆ. ಲೈಸೆನ್ಸಿನ ದರ ಕೇಳಿದರೆ ಸಣ್ಣವರ ಎದೆ ಧಸಕ್ಕೆನ್ನುತ್ತದೆ. 2025ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಚೀನಾಕ್ಕೆ ಇದರ ಮಾರಾಟ ತಡೆಯಿತು. ಜುಲೈನಲ್ಲಿ ತಡೆ ತೆಗೆಯಿತು. ಬೀಗದ ಕೈ ಪರರ ಸೊಂಟದಲ್ಲಿದ್ದರೆ ಇದೇ ಪಾಡು!

ಬೇರೆ ದಾರಿ ಇಲ್ಲವೇ? ಇದೆ. ಯಾರು ಬೇಕಾದರೂ ಬಳಸಿ, ತಿದ್ದಬಹುದಾದ ಮುಕ್ತ ತಂತ್ರಾಂಶ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ 'ಸ್ಪೈಸ್', 'ಮ್ಯಾಜಿಕ್' ಇದರ ಹಿರಿತಲೆಗಳು. 2018ರಲ್ಲಿ ಶುರುವಾದ 'ಓಪನ್‌ರೋಡ್' ಯೋಜನೆಯ ಗುರಿ, ಮನುಷ್ಯರ ಕೈ ಸೋಕದೆ 24 ಗಂಟೆಯಲ್ಲಿ ನಕ್ಷೆ. 2020ರಲ್ಲಿ ಸ್ಕೈವಾಟರ್ ಕಾರ್ಖಾನೆ ಗೂಗಲ್ ಜೊತೆ ಸೇರಿ, ತನ್ನ 130 ನ್ಯಾನೊಮೀಟರ್ ಚಿಪ್‌ಗೆ ನಕ್ಷೆ ಬರೆಯುವ ನಿಯಮಗಳನ್ನು ಬಯಲಿಗಿಟ್ಟಿತು. ಗೂಗಲ್ ಖರ್ಚಿನಲ್ಲಿ ವಿದ್ಯಾರ್ಥಿಗಳೂ ಚಿಪ್ ಮಾಡಿಸಿಕೊಂಡರು.

ಆದರೆ ನಕ್ಷೆ ಬಿಟ್ಟಿಯಾದರೆ ಸಾಕೆ? ಅಚ್ಚು ಹಾಕಿಸಲು ದುಡ್ಡು ಬೇಕಲ್ಲ! ಹತ್ತಾರು ಜನರ ನಕ್ಷೆ ಒಟ್ಟುಗೂಡಿಸಿ ಕಾರ್ಖಾನೆಗೆ ಕಳಿಸುತ್ತಿದ್ದ ಈಫ್ಯಾಬ್‌ಲೆಸ್ ಕಂಪನಿ 2025ರ ಮಾರ್ಚ್‌ನಲ್ಲಿ ಬಂಡವಾಳ ಸಿಗದೆ ಬಾಗಿಲು ಹಾಕಿತು. ನಂಬಿ ಕಾದಿದ್ದವರು ನಡುನೀರಲ್ಲಿ. ಅವರ ಪೈಕಿ 'ಟೈನಿ ಟೇಪ್‌ಔಟ್' ತಂಡ ಜರ್ಮನಿಯ ಐಎಚ್‌ಪಿ ಸಂಸ್ಥೆಯ ಕಡೆ ಮುಖ ಮಾಡಿತು.

ಮೊಬೈಲಿನ ಹೊಸ ಚಿಪ್‌ಗೆ ಈ ಮುಕ್ತ ತಂತ್ರಾಂಶ ಇನ್ನೂ ಸಾಲದು. ಕಲಿಯೋ ಹುಡುಗರಿಗೆ, ಸಣ್ಣಪುಟ್ಟ ಚಿಪ್‌ಗೆ ಧಾರಾಳ ಸಾಕು. ಚಿಪ್ ವಿನ್ಯಾಸಕ್ಕೆ ಹೆಸರಾದ ಬೆಂಗಳೂರಿಗೂ ಇದರಲ್ಲಿ ಪಾಠವುಂಟು: ತಂತ್ರಾಂಶ ಸ್ವಂತದ್ದಾದರೆ ಸಾಲದು, ಅಚ್ಚಿನ ಮನೆಯ ಬಾಗಿಲೂ ತೆರೆದಿರಬೇಕು.