ಸಂತೆಯ ಔಷಧ ಮತ್ತು ಮನೆಯ ಆರೋಗ್ಯ ವಿಮೆ

ಸಂತೆಯ ದಿನ ರಸ್ತೆಯ ಬದಿಯಲ್ಲಿ ಬಟ್ಟೆ ಹಾಸಿ, ಬೇರು, ತೊಗಟೆ, ಭಸ್ಮಗಳನ್ನು ಹರಡಿಕೊಂಡು ಕುಳಿತವನ ಮಾತುಗಳನ್ನು ನೀವು ಕೇಳಿಯೇ ಇರುತ್ತೀರಿ. ಸಕ್ಕರೆ ಕಾಯಿಲೆ, ಮೂಲವ್ಯಾಧಿ, ಕೀಲುನೋವು, ಬಂಜೆತನ ಇವೆಲ್ಲಕ್ಕೂ ಅವನ ಬಳಿ ಒಂದೇ ಪುಡಿ ಇರುತ್ತದೆ. ಈಚಿನ ವರ್ಷಗಳಲ್ಲಿ ಅಂಥವನೇ ಮೊಬೈಲ್ ಫೋನಿನಲ್ಲಿಯೂ ಬಂದು ಕುಳಿತಿದ್ದಾನೆ. ಇವರನ್ನು ನಂಬಿ ಮೋಸಹೋದವರನ್ನು ಮೂರ್ಖರೆಂದು ಹಳಿಯುವುದು ಸರಿಯಲ್ಲ. ನಂಬಿಕೆ ಹುಟ್ಟುವುದಕ್ಕೆ ಕಾರಣಗಳಿವೆ. ಅವುಗಳನ್ನು ಸತಿಪತಿಯರಿಬ್ಬರೂ ಅರಿತಿರುವುದು ಅವಶ್ಯಕ.

ಕಾಮಾಲೆಯನ್ನೇ ತೆಗೆದುಕೊಳ್ಳಿ. ಕಲುಷಿತ ನೀರಿನಿಂದ ಬರುವ ಸಾಮಾನ್ಯ ಕಾಮಾಲೆಯು ಹೆಚ್ಚಿನವರಲ್ಲಿ ವಿಶ್ರಾಂತಿ ಮತ್ತು ತಕ್ಕ ಆಹಾರದಿಂದ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ವಾರಗಳಲ್ಲಿ ಯಾರು ಏನನ್ನು ಕುಡಿಸಿದರೂ ಕೀರ್ತಿ ಅವರಿಗೇ ಸಲ್ಲುತ್ತದೆ. ಆದರೆ ಎಲ್ಲ ಕಾಮಾಲೆಯೂ ಒಂದೇ ಅಲ್ಲ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಬಂದ ಕಾಮಾಲೆ ಸೊಪ್ಪಿನ ರಸಕ್ಕೆ ಬಗ್ಗುವುದಿಲ್ಲ. ಗರ್ಭಿಣಿಗೆ ತಿಂಗಳು ತುಂಬುತ್ತ ಬಂದಾಗ ತಗಲುವ ಒಂದು ಬಗೆಯ ಕಾಮಾಲೆಯಂತೂ ತಾಯಿಯ ಪ್ರಾಣಕ್ಕೇ ಅಪಾಯಕಾರಿಯಾಗಬಲ್ಲದು. ಗರ್ಭಿಣಿಯ ಕಣ್ಣು ಹಳದಿಯಾದರೆ ಒಂದು ದಿನವನ್ನೂ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಇನ್ನು ಉಬ್ಬಸ ಮತ್ತು ಕೀಲುನೋವು. ನಿಮ್ಮ ಮನೆಯ ಹಿರಿಯರೊಬ್ಬರು ಹತ್ತು ವರ್ಷಗಳಿಂದ ಮಂಡಿನೋವಿನಿಂದ ನರಳುತ್ತಿದ್ದಾರೆಂದು ಭಾವಿಸಿರಿ. ಸಂತೆಯ ಪುಡಿಯನ್ನು ಸೇವಿಸಿದ ಮೂರನೆಯ ದಿನ ಅವರು ಎದ್ದು ಓಡಾಡತೊಡಗುತ್ತಾರೆ. ಇದು ಪವಾಡವಲ್ಲ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಎಂಬ ಪ್ರಬಲ ಔಷಧವನ್ನು ಗುಟ್ಟಾಗಿ ಬೆರೆಸಿರುವುದು ಪರೀಕ್ಷೆಗಳಲ್ಲಿ ಅನೇಕ ಬಾರಿ ಪತ್ತೆಯಾಗಿದೆ. ವೈದ್ಯರು ಇದನ್ನು ಅಳತೆಯರಿತು, ಅಗತ್ಯವಿದ್ದಾಗ ಮಾತ್ರ ಕೊಡುತ್ತಾರೆ. ಅಳತೆಯಿಲ್ಲದೆ ತಿಂಗಳುಗಟ್ಟಲೆ ಸೇವಿಸಿದಲ್ಲಿ ಮುಖ ಊದಿಕೊಳ್ಳುತ್ತದೆ, ರಕ್ತದ ಒತ್ತಡವೂ ಸಕ್ಕರೆಯೂ ಏರುತ್ತವೆ, ಮೂಳೆಗಳು ಸವೆಯುತ್ತವೆ, ರೋಗಗಳನ್ನು ಎದುರಿಸುವ ಶಕ್ತಿ ಕುಂದುತ್ತದೆ. ಇಲ್ಲಿ ಒಂದು ಮುಖ್ಯ ಎಚ್ಚರಿಕೆಯುಂಟು. ಬಹುಕಾಲ ಇಂಥ ಪುಡಿಯನ್ನು ಸೇವಿಸಿದವರು ಭಯಪಟ್ಟು ಥಟ್ಟನೆ ನಿಲ್ಲಿಸಬಾರದು. ಹಾಗೆ ನಿಲ್ಲಿಸುವುದೂ ಪ್ರಾಣಾಪಾಯವನ್ನು ತರಬಹುದು. ಪುಡಿಯ ಪೊಟ್ಟಣದೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಕಾಣಬೇಕು.

ಸಕ್ಕರೆ ಕಾಯಿಲೆ, ಕ್ಯಾನ್ಸರ್, ಅಪಸ್ಮಾರ, ಪಾರ್ಶ್ವವಾಯು, ಸ್ತ್ರೀಯರ ಬಂಜೆತನ ಮುಂತಾದವನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯು ನಿಷೇಧಿಸಿದೆ. ಆದುದರಿಂದ ಗೋಡೆಯ ಮೇಲೆ ಅಂಟಿಸಿದ ಆ ಚೀಟಿಯೇ ವಂಚನೆಯ ಗುರುತು. ಒಂದೇ ಮದ್ದು ಹತ್ತು ರೋಗಗಳಿಗೆ ಎನ್ನುವವನು, ಪುಡಿಯಲ್ಲಿ ಏನಿದೆಯೆಂದು ಹೇಳದವನು, ರಸೀದಿ ಕೊಡದವನು, ವೈದ್ಯರ ಮಾತ್ರೆಗಳನ್ನು ಇಂದೇ ಬಿಸಾಡೆನ್ನುವವನು, ಇವರಲ್ಲಿ ಯಾರನ್ನೂ ನಂಬತಕ್ಕದ್ದಲ್ಲ. ಆಯುರ್ವೇದವೇ ಮೋಸವೆಂದು ಇದರ ಅರ್ಥವಲ್ಲ. ಸರ್ಕಾರಿ ಆಯುರ್ವೇದ ಆಸ್ಪತ್ರೆಗಳಲ್ಲಿ ಓದಿ ನೋಂದಣಿ ಪಡೆದ ವೈದ್ಯರಿದ್ದಾರೆ. ಅವರು ಹೆಸರನ್ನೂ ಔಷಧವನ್ನೂ ಬಚ್ಚಿಡುವುದಿಲ್ಲ.

ಗಂಡು ಮಗುವಿಗಾಗಿ ಕೊಡುವ ಮದ್ದಿನ ಮಾತು ಬೇರೆಯೇ. ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಿಂದ ಗರ್ಭ ಕಟ್ಟುವ ಕ್ಷಣದಲ್ಲಿಯೇ ನಿರ್ಧಾರವಾಗುತ್ತದೆ. ಬಸುರಿಯಾದ ಮೇಲೆ ಕುಡಿಸುವ ಯಾವ ಕಷಾಯವೂ ಅದನ್ನು ಬದಲಿಸಲಾರದು. ಹೊಟ್ಟೆಯ ಕೂಸಿಗೆ ಅಂಗವೈಕಲ್ಯವನ್ನು ತರಬಹುದು ಅಷ್ಟೆ. ಹುಟ್ಟುವವರಲ್ಲಿ ಸರಿಸುಮಾರು ಅರ್ಧದಷ್ಟು ಗಂಡುಮಕ್ಕಳೇ ಆದುದರಿಂದ, ಬೂದಿ ಕೊಟ್ಟರೂ ಆ ವೈದ್ಯನ ಮಾತು ಎರಡಕ್ಕೊಂದು ಸಲ ನಿಜವಾಗುತ್ತದೆ! ಮಕ್ಕಳಾಗದ ದಂಪತಿಗಳಾದರೋ ಇಬ್ಬರೂ ಜೊತೆಯಲ್ಲಿಯೇ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹೆಂಡತಿಯೊಬ್ಬಳನ್ನೇ ಊರೂರು ಅಲೆಸುವುದು ನ್ಯಾಯವಲ್ಲ.

ಕಾಯಿಲೆ ಬಂದಾಗ ಕೈಯಲ್ಲಿ ಹಣವಿಲ್ಲದಿರುವುದೂ ಜನರನ್ನು ಇಂಥವರ ಬಳಿಗೆ ತಳ್ಳುತ್ತದೆ. ಆದುದರಿಂದ ಆರೋಗ್ಯ ವಿಮೆಯ ವಿಚಾರ. ಹಣ ತೆತ್ತು ವಿಮೆ ಕೊಳ್ಳುವ ಮೊದಲು, ನಿಮಗೆ ಈಗಾಗಲೇ ದೊರೆಯಬೇಕಾದುದೇನೆಂದು ನೋಡಿಕೊಳ್ಳಿರಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ಚಿಕಿತ್ಸೆ ಉಚಿತ. ಉಳಿದವರಿಗೆ ವೆಚ್ಚದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ, ಸಹಾಯವುಂಟು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗತಕ್ಕದ್ದು. ಅಲ್ಲಿ ಆ ಚಿಕಿತ್ಸೆಯಿಲ್ಲದಿದ್ದರೆ ಅವರೇ ಪತ್ರ ಕೊಟ್ಟು ಯೋಜನೆಗೆ ಸೇರಿದ ಆಸ್ಪತ್ರೆಗೆ ಕಳುಹಿಸುತ್ತಾರೆ. ಯೋಜನೆಯ ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಪತ್ರ ಬೇಕಿಲ್ಲ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆಯಿದೆ. 2003ರಲ್ಲಿ ಜಾರಿಗೆ ಬಂದು, ನಡುವೆ ನಿಂತಿದ್ದ ಇದು 2022ರಲ್ಲಿ ಮತ್ತೆ ಆರಂಭವಾಯಿತು. ಹೆರಿಗೆಗೆಂದೇ ವಿಮೆ ಕೊಳ್ಳಬೇಕಾದ ಕಾರಣವಿಲ್ಲ. 2011ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಶಸ್ತ್ರಕ್ರಿಯೆಯ ಹೆರಿಗೆ ಸಹ, ಔಷಧ ಮತ್ತು ಊಟದೊಡನೆ ಉಚಿತವಾಗಿದೆ.

ಕಾರ್ಡು ಮಾಡಿಸುವ ನೆಪದಲ್ಲಿಯೂ ವಂಚಕರು ಬರುತ್ತಾರೆ. ಅಪರಿಚಿತರ ಶಿಬಿರದಲ್ಲಿ ಕಾರ್ಡನ್ನು ಒಪ್ಪಿಸಿ ಹೆಬ್ಬೆಟ್ಟು ಒತ್ತಬೇಡಿರಿ. ಮಾಡದ ಚಿಕಿತ್ಸೆಯ ಲೆಕ್ಕವನ್ನು ನಿಮ್ಮ ಹೆಸರಿಗೆ ಬರೆದರೆ ಆ ವರ್ಷದ ನಿಮ್ಮ ಪಾಲು ಅಷ್ಟು ಕರಗಿತೆಂದೇ ಅರ್ಥ. ಇಂಥ ದೂರುಗಳಿಗೆ 14555 ಸಂಖ್ಯೆಗೆ ಕರೆ ಮಾಡಬಹುದು.

ಖಾಸಗಿ ಪಾಲಿಸಿ ಬೇಕೆನಿಸಿದಲ್ಲಿ ಕಂತಿನ ಅಗ್ಗವನ್ನೊಂದೇ ನೋಡಬೇಡಿರಿ. ನಿಮ್ಮ ತಾಲ್ಲೂಕಿನಲ್ಲಿ ಅಥವಾ ಜಿಲ್ಲಾ ಕೇಂದ್ರದಲ್ಲಿ ಯಾವ ಆಸ್ಪತ್ರೆ ಆ ಕಂಪನಿಯ ಪಟ್ಟಿಯಲ್ಲಿದೆ, ಕೊಠಡಿ ಬಾಡಿಗೆಗೆ ಮಿತಿಯಿದೆಯೇ, ವೆಚ್ಚದಲ್ಲಿ ನಿಮ್ಮ ಪಾಲೆಷ್ಟು ಎಂಬುದನ್ನು ಕೇಳಿ ಬರೆಸಿಕೊಳ್ಳಿರಿ. ಸಾಮಾನ್ಯವಾಗಿ ಮೊದಲ 30 ದಿನ ಅಪಘಾತದ ಹೊರತು ಬೇರೆ ಕಾಯಿಲೆಗೆ ಹಣ ದೊರೆಯುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ 3 ವರ್ಷಗಳವರೆಗೂ ಕಾಯಬೇಕಾಗಬಹುದು. ಇದನ್ನು ತಪ್ಪಿಸಲೆಂದು ಕೆಲವು ಏಜೆಂಟರು ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ಬರೆಯಬೇಡಿ ಎನ್ನುತ್ತಾರೆ. ಈ ಮಾತನ್ನು ಕೇಳಲೇಬೇಡಿರಿ. ಕಂತು ಕಟ್ಟುವಾಗ ಯಾರೂ ವಿಚಾರಿಸುವುದಿಲ್ಲ. ಹಣ ಕೇಳುವಾಗ ಹಳೆಯ ಚೀಟಿಗಳೆಲ್ಲ ಹೊರಬಂದು ಪಾಲಿಸಿಯೇ ರದ್ದಾಗಬಹುದು. ಪಾಲಿಸಿ ಕೈಸೇರಿದ 30 ದಿನಗಳೊಳಗೆ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸುವ ಹಕ್ಕು ನಿಮಗಿದೆ. ಓದಲು ಬಾರದವರು ಈ ಅವಧಿಯಲ್ಲಿ ಶಾಲೆಯ ಉಪಾಧ್ಯಾಯರಿಂದಲೋ ಓದಿದ ಮಕ್ಕಳಿಂದಲೋ ಅದನ್ನು ಪೂರ್ತಿಯಾಗಿ ಓದಿಸಿಕೊಳ್ಳಬೇಕು.

ಕಂತನ್ನು ಏಜೆಂಟರ ಕೈಗೆ ನಗದಾಗಿ ಕೊಡದೆ ಕಂಪನಿಯ ಹೆಸರಿಗೇ ಪಾವತಿಸಿ ರಸೀದಿ ಪಡೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರವು ವಿಮೆ ಮಾರುವುದಿಲ್ಲ, ಬೋನಸ್ ಬಂದಿದೆಯೆಂದು ಯಾರಿಗೂ ಫೋನು ಮಾಡುವುದಿಲ್ಲ. ಕಂಪನಿಯ ಮೇಲಿನ ದೂರಿಗೆ 155255 ಸಂಖ್ಯೆಯಿದೆ. ಕಂಪನಿಯು ಒಂದು ತಿಂಗಳಾದರೂ ಉತ್ತರಿಸದಿದ್ದರೆ, ಇಲ್ಲವೇ ಉತ್ತರವು ಸಮಾಧಾನಕರವಾಗಿಲ್ಲದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಬರೆಯಬಹುದು.

ಪಡಿತರ ಚೀಟಿ, ಆಧಾರ್, ವಿಮೆಯ ಕಾರ್ಡು, ಹಿಂದಿನ ಚಿಕಿತ್ಸೆಯ ಚೀಟಿಗಳನ್ನು ಒಂದೇ ಚೀಲದಲ್ಲಿಡಿರಿ. ನಡುರಾತ್ರಿ ಆಸ್ಪತ್ರೆಗೆ ಹೊರಡಬೇಕಾದಾಗ ಯಜಮಾನರು ಪರಊರಿನಲ್ಲಿರಬಹುದು. ಆ ಚೀಲ ಎಲ್ಲಿದೆಯೆಂದು ಮನೆಯಾಕೆಗೂ ತಿಳಿದಿರಬೇಕು.